ನೀಲಕಂಠದ ನೀಲಿ ಯಾರ ಲೆಕ್ಕದಲ್ಲಿದೆ?

ಹಕ್ಕಿಗಳ ಲೋಕದಲ್ಲಿ ನೀಲಿ ಬಣ್ಣಕ್ಕೆ ಬೇರೆಯದೇ ಮರ್ಯಾದೆ ಇದೆ. ಹಸಿರು ಎಲೆಯಲ್ಲಿ ಬೆರೆತುಹೋಗುತ್ತದೆ, ಕಂದು ಮಣ್ಣಿನಲ್ಲಿ ಕರಗುತ್ತದೆ. ನೀಲಿ ಮಾತ್ರ ಎಲ್ಲಿದ್ದರೂ ಕಣ್ಣನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಉತ್ತರ ಅಮೆರಿಕದಲ್ಲಿ ನೀಲಿ ಹಕ್ಕಿಯೆಂದರೆ ಸುಖದ ಸಂಕೇತ. ಅಲ್ಲಿನ ನಾಲ್ಕು ರಾಜ್ಯಗಳು ಅದನ್ನು ತಮ್ಮ ರಾಜ್ಯಪಕ್ಷಿಯನ್ನಾಗಿ ಆರಿಸಿಕೊಂಡಿವೆ. ನಮ್ಮ ರಾಜ್ಯಪಕ್ಷಿಯೂ ನೀಲಿಯದೇ ಎಂಬುದು ಕನ್ನಡಿಗರಲ್ಲಿ ಎಷ್ಟು ಮಂದಿಗೆ ತಿಳಿದಿದೆ? ನೀಲಕಂಠ, ದಾಸಮಗರೆ ಎಂಬ ಹೆಸರುಗಳಿಂದ ಕರೆಯಲಾಗುವ ಈ ಹಕ್ಕಿಯನ್ನು ನೋಡಲು ದಟ್ಟ ಕಾಡಿಗೆ ಹೋಗಬೇಕಾಗಿಲ್ಲ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಯಾವುದೇ ಬಯಲು ರಸ್ತೆಯಲ್ಲಿ ಚಳಿಗಾಲದ ಬೆಳಿಗ್ಗೆ ಹೊರಟು ವಿದ್ಯುತ್ ತಂತಿಗಳತ್ತ ಗಮನವಿಟ್ಟರೆ ಸಾಕು.

ಈ ಮೂರು ತಾಲ್ಲೂಕುಗಳು ನೀಲಿ ಹಕ್ಕಿಗಳನ್ನು ಹುಡುಕುವವರಿಗೆ ಹೇಳಿ ಮಾಡಿಸಿದಂತಿವೆ. ಹುಕ್ಕೇರಿಯ ಹಿಡಕಲ್ ಜಲಾಶಯದಿಂದ ಹೊರಟ ಘಟಪ್ರಭೆ ಧೂಪದಾಳದ ಒಡ್ಡಿನಲ್ಲಿ ನಿಂತು, ಮುಂದೆ ಗೋಕಾಕದ ಬಂಡೆಗಳಿಂದ ಸುಮಾರು 52 ಮೀಟರ್ ಆಳಕ್ಕೆ ಧುಮುಕುತ್ತದೆ. ನದಿಯ ಅಂಚಿನಲ್ಲಿ ಮಿಂಚುಳ್ಳಿ, ಜೊಂಡಿನ ನಡುವೆ ನೀಲಿ ಜಂಬುಕೋಳಿ, ಹೊಲಗಳಲ್ಲಿ ನವಿಲು. ಇವೆಲ್ಲವೂ ನೀಲಿಯ ಒಂದೊಂದು ಛಾಯೆಯನ್ನು ಹೊತ್ತವು. ಆದರೆ ಊರು, ಹೊಲ, ರಸ್ತೆ ಮೂರಕ್ಕೂ ಸಮಾನವಾಗಿ ಸೇರಿದ ನೀಲಿ ಹಕ್ಕಿಯೆಂದರೆ ನೀಲಕಂಠವೊಂದೇ.

ಇದರ ಸೊಗಸು ಇರುವುದೇ ಅದು ತನ್ನನ್ನು ಅಡಗಿಸಿಕೊಳ್ಳುವ ರೀತಿಯಲ್ಲಿ. ಹೆಸರು ನೀಲಕಂಠವಾದರೂ ಅದರ ಕಂಠ ನೀಲಿಯಲ್ಲ. ಅಲ್ಲಿರುವುದು ಬಿಳಿ ಗೆರೆಗಳು ಬೆರೆತ ಮಾಸಲು ಕಂದು. ತಂತಿಯ ಮೇಲೆ ಕುಳಿತ ನೀಲಕಂಠ ದಪ್ಪ ತಲೆಯ, ಬಿಗಿದ ಕತ್ತಿನ, ತುಸು ಮಂಕಾದ ಹಕ್ಕಿಯಂತೆ ತೋರುತ್ತದೆ. ಪರಿಚಯವಿಲ್ಲದವರು ಎರಡನೆಯ ಸಲ ತಿರುಗಿ ನೋಡುವುದಿಲ್ಲ. ಕೆಳಗಿನ ಹುಲ್ಲಿನಲ್ಲಿ ಮಿಡತೆಯೊಂದು ಮಿಸುಕಿದ ಕ್ಷಣದಲ್ಲಿ ಅದು ರೆಕ್ಕೆ ಬಿಚ್ಚುತ್ತದೆ. ಗಾಢ ನೀಲಿ ಮತ್ತು ತಿಳಿ ನೀಲಿಯ ಪಟ್ಟೆಗಳು ಒಮ್ಮೆಲೇ ತೆರೆದುಕೊಂಡು, ಮರುಕ್ಷಣ ಹಕ್ಕಿ ನೆಲಕ್ಕಿಳಿದಾಗ ಮತ್ತೆ ಮುಚ್ಚಿಕೊಳ್ಳುತ್ತವೆ. ವಸಂತ ಬಂದೊಡನೆ ಗಂಡು ಹಕ್ಕಿ ಎತ್ತರಕ್ಕೇರಿ, ಗಾಳಿಯಲ್ಲಿ ಅಕ್ಕಪಕ್ಕ ಹೊರಳುತ್ತ, ಕರ್ಕಶವಾಗಿ ಕೂಗುತ್ತ ಕೆಳಗಿಳಿಯುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ‘ರೋಲರ್’ ಎಂಬ ಹೆಸರು ಬಂದಿರುವುದು ಈ ಹೊರಳಾಟದಿಂದಲೇ.

ಛಾಯಾಗ್ರಾಹಕನಿಗೆ ಇದಕ್ಕಿಂತ ಒಳ್ಳೆಯ ಗುರು ಬೇರೆ ಇಲ್ಲ. ಕುಳಿತ ನೀಲಕಂಠದ ಚಿತ್ರವನ್ನು ಯಾರೂ ತೆಗೆಯಬಹುದು. ಹಾರುವ ನೀಲಕಂಠದ ಚಿತ್ರ ಬೇಕೆಂದರೆ ಅದು ಯಾವ ತಂತಿಯನ್ನು ಇಷ್ಟಪಡುತ್ತದೆ, ಬಿಸಿಲು ಯಾವ ಕಡೆಯಿಂದ ಬೀಳುತ್ತದೆ, ಗಾಳಿ ಎತ್ತಣಿಂದ ಬೀಸುತ್ತದೆ, ಹಾರುವ ಮುನ್ನ ಅದು ತಲೆಯನ್ನು ಹೇಗೆ ಬಾಗಿಸುತ್ತದೆ ಎಂಬುದೆಲ್ಲ ತಿಳಿದಿರಬೇಕು. ಈ ತಿಳಿವಳಿಕೆ ಕ್ಯಾಮೆರಾ ಅಂಗಡಿಯಲ್ಲಿ ದೊರೆಯುವಂಥದ್ದಲ್ಲ. ಕಾಯುವುದರಿಂದ ಮಾತ್ರ ಬರುವಂಥದ್ದು. ಒಂದು ಸುರುಳಿಯಲ್ಲಿ ಮೂವತ್ತಾರೇ ಚಿತ್ರಗಳಿದ್ದ ಕಾಲದಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತಮ್ಮ ತೋಟದ ಸುತ್ತಮುತ್ತ ಹಕ್ಕಿಗಳಿಗಾಗಿ ವರ್ಷಗಟ್ಟಲೆ ಕಾದರು. ಹಕ್ಕಿಯನ್ನು ನೋಡುವುದು ಕನ್ನಡದ ಒಂದು ಗಂಭೀರ ಹವ್ಯಾಸವಾಗಿ ಬೆಳೆಯುವುದರಲ್ಲಿ ಅವರ ಚಿತ್ರಗಳ ಮತ್ತು ಬರಹಗಳ ಪಾಲು ದೊಡ್ಡದು. ಇಂದು ಒಂದು ನಿಮಿಷದಲ್ಲಿ ನೂರಾರು ಚಿತ್ರ ತೆಗೆಯುವ ಯಂತ್ರ ನಮ್ಮ ಕೈಯಲ್ಲಿದೆ. ಕಾಯುವ ಗುಣ ಅದೇ ಪ್ರಮಾಣದಲ್ಲಿ ಹೆಚ್ಚಿದೆಯೇ ಎಂಬುದು ಬೇರೆ ಪ್ರಶ್ನೆ.

ಈ ನೀಲಿಯ ಹಿಂದೆ ಕರ್ನಾಟಕಕ್ಕೆ ಸಂಬಂಧಿಸಿದ ವಿಜ್ಞಾನದ ಕಥೆಯೊಂದಿದೆ. ಸರ್ ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. ಅದರ ನಡಾವಳಿಯ ಮೊದಲ ಸಂಪುಟದಲ್ಲಿಯೇ ಹಕ್ಕಿಗಳ ಗರಿಗಳ ಬಣ್ಣ ಎಲ್ಲಿಂದ ಬರುತ್ತದೆ ಎಂಬುದರ ಕುರಿತು ಅವರ ಪ್ರಬಂಧವಿದೆ. ಅದಕ್ಕಾಗಿ ಅವರು ಪರೀಕ್ಷಿಸಿದ್ದು ನೀಲಕಂಠದ ಗರಿಗಳನ್ನು. ಈ ಗರಿಯಲ್ಲಿ ನೀಲಿ ಬಣ್ಣದ ವಸ್ತುವೇ ಇಲ್ಲ. ಅರೆದರೆ ನೀಲಿ ಪುಡಿ ಸಿಗುವುದಿಲ್ಲ. ಗರಿಯೊಳಗಿನ ಅತಿ ಸೂಕ್ಷ್ಮ ರಚನೆ ಬೆಳಕಿನೊಡನೆ ನಡೆಸುವ ಆಟವೇ ನಮಗೆ ನೀಲಿಯಾಗಿ ಕಾಣುತ್ತದೆ. ಸಮುದ್ರದ ನೀಲಿಯ ಗುಟ್ಟನ್ನು ಬಿಡಿಸಿದ ವಿಜ್ಞಾನಿಗೆ ನಮ್ಮ ಹೊಲಗಳ ಈ ಹಕ್ಕಿಯೂ ಅಷ್ಟೇ ಘನವಾದ ಪ್ರಶ್ನೆಯಾಗಿ ಕಂಡಿತೆಂಬುದು ನೆನಪಿನಲ್ಲಿಡಬೇಕಾದ ಸಂಗತಿ.

ಇಷ್ಟೆಲ್ಲ ಹಿರಿಮೆಯ ಹಕ್ಕಿಯ ಇಂದಿನ ಸ್ಥಿತಿ ಏನು? 2023ರ ಆಗಸ್ಟ್‌ನಲ್ಲಿ ಹೊರಬಂದ ‘ಭಾರತದ ಪಕ್ಷಿಗಳ ಸ್ಥಿತಿಗತಿ’ ವರದಿ 942 ಪ್ರಭೇದಗಳನ್ನು ಪರಿಶೀಲಿಸಿದೆ. ಅದರ ಪ್ರಕಾರ ನೀಲಕಂಠದ ಸಂಖ್ಯೆ ಹನ್ನೆರಡು ವರ್ಷಗಳಷ್ಟು ಅಲ್ಪಾವಧಿಯಲ್ಲಿ ಶೇ 30ರಷ್ಟು ಕುಸಿದಿದೆ. ಜಾಗತಿಕ ಕೆಂಪು ಪಟ್ಟಿಯಲ್ಲಿ ಇದರ ಸ್ಥಾನವನ್ನು ಮರುಪರಿಶೀಲಿಸಬೇಕೆಂದೂ ವರದಿ ಶಿಫಾರಸು ಮಾಡಿದೆ. ಬಯಲು, ಹುಲ್ಲುಗಾವಲು, ಕುರುಚಲು ಪ್ರದೇಶಗಳನ್ನು ನೆಚ್ಚಿದ ಹಕ್ಕಿಗಳಿಗೆ ಹೆಚ್ಚಿನ ಪೆಟ್ಟು ಬಿದ್ದಿದೆ ಎಂಬುದು ಅದೇ ವರದಿಯ ಇನ್ನೊಂದು ಮುಖ್ಯ ಅಂಶ.

ಅಪರೂಪದ ಪ್ರಾಣಿಯೊಂದು ಸತ್ತರೆ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಸಾಮಾನ್ಯ ಹಕ್ಕಿಯೊಂದು ಕಡಿಮೆಯಾದರೆ ಯಾರ ಗಮನಕ್ಕೂ ಬರುವುದಿಲ್ಲ. ಹತ್ತು ತಂತಿಗಳ ಮೇಲೆ ಇದ್ದದ್ದು ಏಳು ತಂತಿಗಳ ಮೇಲೆ ಕಂಡರೆ, ನೋಡಿದವನು ‘ಇವತ್ತೂ ನೀಲಕಂಠ ಸಿಕ್ಕಿತು’ ಎಂದು ಸಂತೋಷದಿಂದಲೇ ಮನೆಗೆ ಮರಳುತ್ತಾನೆ. ಗುಬ್ಬಚ್ಚಿಯ ವಿಷಯದಲ್ಲಿ ನಮ್ಮ ನಗರಗಳು ಈ ಪಾಠವನ್ನು ಈಗಾಗಲೇ ಕಲಿತಿವೆ. ಎಲ್ಲೆಡೆ ಇರುವುದು ಎಂದೆಂದಿಗೂ ಇರುತ್ತದೆ ಎಂಬ ನಂಬಿಕೆಯೇ ಸಾಮಾನ್ಯ ಹಕ್ಕಿಗೆ ಇರುವ ದೊಡ್ಡ ಅಪಾಯ.

ಗೋಕಾಕ ಸೀಮೆಯಲ್ಲಿ ಈ ಮಾತನ್ನು ನೆಲದ ಚರಿತ್ರೆಯೊಡನೆ ಇಟ್ಟು ನೋಡಬೇಕು. ಧೂಪದಾಳದ ಒಡ್ಡು 1897ರಷ್ಟು ಹಳೆಯದು. ಅಲ್ಲಿಂದ ಹೊರಟ ಎಡದಂಡೆ ಕಾಲುವೆ, ಸ್ವಾತಂತ್ರ್ಯಾನಂತರ ಕಟ್ಟಿದ ಹಿಡಕಲ್ ಅಣೆಕಟ್ಟೆ ಇವೆರಡೂ ಬರದ ಸೀಮೆಗೆ ನೀರು ತಂದವು. ಜೋಳ ಬೆಳೆಯುತ್ತಿದ್ದ ಎರೆಹೊಲಗಳು ಕಬ್ಬಿಗೆ ತಿರುಗಿದವು. ಇಂದು ಬೆಳಗಾವಿ ರಾಜ್ಯದ ಪ್ರಮುಖ ಕಬ್ಬಿನ ಜಿಲ್ಲೆ. ಈ ಬದಲಾವಣೆ ರೈತರ ಮನೆಗೆ ಹಣ ತಂದಿದೆ, ಮಕ್ಕಳನ್ನು ಕಾಲೇಜಿಗೆ ಕಳಿಸಿದೆ. ಅದನ್ನು ಹಳಿಯುವುದು ನಗರದಲ್ಲಿ ಕುಳಿತವರ ಅಹಂಕಾರವಾಗುತ್ತದೆ. ಆದರೆ ನೀಲಕಂಠದ ಅಗತ್ಯಗಳು ಮೂರು: ಕುಳಿತುಕೊಳ್ಳಲು ಎತ್ತರದ ನೆಲೆ, ಬೇಟೆ ಕಾಣುವಂಥ ತೆರೆದ ನೆಲ, ಮೊಟ್ಟೆಯಿಡಲು ಹಳೆಯ ಮರದ ಪೊಟರೆ. ಮೊದಲನೆಯದನ್ನು ವಿದ್ಯುತ್ ಕಂಬಗಳು ಧಾರಾಳವಾಗಿ ಒದಗಿಸಿವೆ. ಉಳಿದ ಎರಡೂ ಕಿರಿದಾಗುತ್ತಿವೆ.

ಕಬ್ಬು ವರ್ಷದ ಬಹುಪಾಲು ಗೋಡೆಯಂತೆ ನಿಲ್ಲುವ ಬೆಳೆ. ಅದರ ಬುಡದಲ್ಲಿ ಎಷ್ಟೇ ಹುಳುಗಳಿದ್ದರೂ ತಂತಿಯ ಮೇಲಿನ ಹಕ್ಕಿಗೆ ಕಾಣುವುದಿಲ್ಲ. ಕಟಾವಿನ ನಂತರ ರವದಿ ಸುಡುವಾಗ, ನೇಗಿಲು ಹೊಡೆಯುವಾಗ ನೀಲಕಂಠಗಳು ಹುಳು ಹಿಡಿಯಲು ಸೇರುತ್ತವೆ. ಅದು ಕೆಲವೇ ದಿನಗಳ ಸಂತೆ. ಗಾಯರಾಣ, ಕುರುಚಲು ದಿಬ್ಬ, ಹಿಂಗಾರಿ ಜೋಳದ ಹೊಲ, ಅಗಲವಾದ ಬದು ಇವೇ ಅದರ ವರ್ಷವಿಡೀ ನಡೆಯುವ ಅಂಗಡಿಗಳು. ಬದು ಕಿರಿದಾಗಿ, ಬದುವಿನ ಹಳೆಯ ಬೇವು, ಮಾವು, ಹುಣಸೆ ಉರುಳಿದಂತೆ ಗೂಡಿನ ಜಾಗವೂ ಹೋಗುತ್ತದೆ. ಪೊಟರೆ ಬಿದ್ದ ಮರ ನಮ್ಮ ಕಣ್ಣಿಗೆ ಮುದಿಯಾದದ್ದು, ಉರುವಲಿಗೆ ಮಾತ್ರ ಬರುವಂಥದ್ದು. ಅದು ಹಕ್ಕಿಗೆ ಮನೆಯಾಗಲು ಆಗ ತಾನೇ ಯೋಗ್ಯವಾಗಿರುತ್ತದೆ.

ಘಟಪ್ರಭಾ ಪಕ್ಷಿಧಾಮ ಇದೆಯಲ್ಲ ಎಂದು ಕೇಳಬಹುದು. ಧೂಪದಾಳದ ಹಿನ್ನೀರಿನ ಸುಮಾರು 29.78 ಚದರ ಕಿಲೋಮೀಟರ್ ಪ್ರದೇಶ 1974ರಲ್ಲಿ ಪಕ್ಷಿಧಾಮವೆಂದು ಘೋಷಿತವಾಗಿದೆ. ದೂರದ ಮಧ್ಯ ಏಷ್ಯಾದ ಕಡೆಯಿಂದ ಬರುವ ಕೊಕ್ಕರೆ, ಕ್ರೌಂಚಗಳಿಗೆ, ಇಲ್ಲಿನ ನೀರುಹಕ್ಕಿಗಳಿಗೆ ಅದು ಆಶ್ರಯ. ಆದರೆ ಪಕ್ಷಿಧಾಮದ ಕಲ್ಪನೆ ಗುಂಪುಗೂಡುವ ಹಕ್ಕಿಗೆ ಹೊಂದುವಂಥದ್ದು. ಒಂದು ನಡುಗಡ್ಡೆಯನ್ನು ಕಾಯ್ದರೆ ಸಾವಿರ ಹಕ್ಕಿ ಉಳಿಯುತ್ತವೆ. ನೀಲಕಂಠ ಸಂತಾನದ ಕಾಲದಲ್ಲಿ ಜೋಡಿಗೊಂದು ಸೀಮೆ ಹಾಕಿಕೊಂಡು ಬೇರೆ ಬೇರೆಯಾಗಿ ಬದುಕುವ ಹಕ್ಕಿ. ಅದರ ಪಕ್ಷಿಧಾಮವೆಂದರೆ ಮೂರೂ ತಾಲ್ಲೂಕುಗಳ ಸಮಸ್ತ ಬಯಲು. ಅಷ್ಟು ನೆಲಕ್ಕೆ ಬೇಲಿ ಹಾಕಲಾಗದು, ಹಾಕಲೂಬಾರದು. ಆದ್ದರಿಂದ ಅದರ ರಕ್ಷಣೆ ಅರಣ್ಯ ಇಲಾಖೆಯೊಂದರ ಕೆಲಸವಾಗಿ ಉಳಿಯುವುದಿಲ್ಲ. ಅದು ಕಂದಾಯ, ಲೋಕೋಪಯೋಗಿ, ಕೃಷಿ, ಪಂಚಾಯಿತಿ ಎಲ್ಲರ ಕೆಲಸವಾಗುತ್ತದೆ. ಆಡಳಿತವನ್ನು ಬಲ್ಲ ಯಾರಿಗಾದರೂ ಇದರ ಅರ್ಥ ಗೊತ್ತು: ಎಲ್ಲರ ಕೆಲಸ ಯಾರ ಕೆಲಸವೂ ಆಗದೆ ಉಳಿಯುತ್ತದೆ.

ಅರ್ಥಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಇಲ್ಲೊಂದು ಹಳೆಯ ದೋಷವಿದೆ. ಮಾರುಕಟ್ಟೆಯಲ್ಲಿ ಬೆಲೆ ಇಲ್ಲದ್ದು ಲೆಕ್ಕಕ್ಕೆ ಬರುವುದಿಲ್ಲ. ಕೀಟನಾಶಕ ಮಾರಿದರೆ ದೇಶದ ಉತ್ಪನ್ನ ಹೆಚ್ಚುತ್ತದೆ. ಹಕ್ಕಿ ಪುಕ್ಕಟೆಯಾಗಿ ಮಿಡತೆ, ಜೀರುಂಡೆಗಳನ್ನು ತಿಂದರೆ ಯಾವ ಅಂಕಣದಲ್ಲೂ ನಮೂದಾಗುವುದಿಲ್ಲ. ವಿಶೇಷವೆಂದರೆ ಬ್ರಿಟಿಷರ ಕಾಲದ ಕೃಷಿ ಇಲಾಖೆ ಈ ಲೆಕ್ಕ ಹಾಕಲು ಯತ್ನಿಸಿತ್ತು. ಬಿಹಾರದ ಪೂಸಾದಲ್ಲಿ ಹಕ್ಕಿಗಳ ಜಠರದಲ್ಲಿ ಏನೇನಿದೆ ಎಂದು ಪರೀಕ್ಷಿಸಿ, ರೈತನಿಗೆ ಯಾವ ಹಕ್ಕಿ ಮಿತ್ರ, ಯಾವುದು ಶತ್ರು ಎಂದು ಮೇಸನ್ ಮತ್ತು ಲೆಫ್ರಾಯ್ 1912ರಲ್ಲಿ ವಿವರವಾದ ಗ್ರಂಥವನ್ನೇ ಪ್ರಕಟಿಸಿದರು. ಅದಕ್ಕೂ ಹಿಂದೆ, 1902ರಲ್ಲಿ, ಯುರೋಪಿನ ಟೋಪಿಗಳ ಅಲಂಕಾರಕ್ಕೆಂದು ಸಾಗುತ್ತಿದ್ದ ಹಕ್ಕಿಗರಿಗಳ ರಫ್ತನ್ನು ಭಾರತದಲ್ಲಿ ನಿಷೇಧಿಸಲಾಗಿತ್ತು. ನೂರು ವರ್ಷಗಳ ಹಿಂದಿನ ಆಡಳಿತಕ್ಕೆ ತೋಚಿದ್ದು ಇಂದಿನ ನಮ್ಮ ತಾಲ್ಲೂಕು ಯೋಜನೆಗಳಲ್ಲಿ ಕಾಣಿಸುವುದಿಲ್ಲ.

ಕ್ಯಾಮೆರಾ ಹಿಡಿದವರ ಪಾತ್ರ ಮುಖ್ಯವಾಗುವುದು ಇಲ್ಲಿಯೇ. ಮೇಲೆ ಹೇಳಿದ ವರದಿ ಸರ್ಕಾರಿ ಗಣತಿಯಿಂದ ಹುಟ್ಟಿದ್ದಲ್ಲ. ಮೂವತ್ತು ಸಾವಿರಕ್ಕೂ ಹೆಚ್ಚು ಪಕ್ಷಿವೀಕ್ಷಕರು ‘ಇ-ಬರ್ಡ್’ ಎಂಬ ಉಚಿತ ವ್ಯವಸ್ಥೆಯಲ್ಲಿ ದಾಖಲಿಸಿದ ಸುಮಾರು ಮೂರು ಕೋಟಿ ವೀಕ್ಷಣೆಗಳು ಅದರ ಆಧಾರ. ಶಿಕ್ಷಕರು, ಬ್ಯಾಂಕ್ ನೌಕರರು, ವಿದ್ಯಾರ್ಥಿಗಳು, ನಿವೃತ್ತರು ಬಿಡುವಿನ ವೇಳೆಯಲ್ಲಿ ಬರೆದಿಟ್ಟ ದಿನಚರಿಗಳು ಸೇರಿ ದೇಶದ ದಾಖಲೆಯಾಗಿವೆ. ತಾರೀಖು, ಸ್ಥಳ, ಸಂಖ್ಯೆ ಈ ಮೂರು ಇಲ್ಲದ ಚಿತ್ರ ಎಷ್ಟೇ ಸುಂದರವಾಗಿದ್ದರೂ ಅಲಂಕಾರ ಮಾತ್ರ. ಈ ಮೂರು ಇದ್ದರೆ ಮಸುಕಾದ ಚಿತ್ರವೂ ಸಾಕ್ಷ್ಯ. ಲಾಲ್‌ಬಾಗಿನಿಂದ ಬರುವ ಇನ್ನೊಂದು ದಾಖಲೆಗಿಂತ ಮೂಡಲಗಿಯ ಕಾಲುವೆ ದಂಡೆಯಿಂದ ಬರುವ ಒಂದು ದಾಖಲೆಗೆ ಹೆಚ್ಚಿನ ತೂಕವಿದೆ. ಅಪರೂಪದ ಹಕ್ಕಿಯ ಬೆನ್ನು ಹತ್ತಿ ಇನ್ನೂರು ಕಿಲೋಮೀಟರ್ ಹೋಗುವವರು ಮನೆಯ ಮುಂದಿನ ತಂತಿಯನ್ನು ತಿಂಗಳಿಗೊಮ್ಮೆ ಎಣಿಸಿದರೆ ಅದು ನಾಡಿಗೆ ದೊಡ್ಡ ಉಪಕಾರ.

ಆದರೆ ಈ ಹವ್ಯಾಸಕ್ಕೂ ನೀತಿ ಬೇಕು. ನೀಲಕಂಠದ ಸೊಗಸು ರೆಕ್ಕೆಯಲ್ಲಿರುವುದರಿಂದ ಅದನ್ನು ಹಾರಿಸಲು ಚಪ್ಪಾಳೆ ತಟ್ಟುವುದು, ಕಲ್ಲೆಸೆಯುವುದು ಹಲವೆಡೆ ನಡೆದಿದೆ. ಕಾಯದೆ ಪಡೆದ ಆ ಚಿತ್ರದ ಬೆಲೆಯನ್ನು ತೆರುವುದು ಹಕ್ಕಿ. ಪ್ರತಿ ಅನವಶ್ಯ ಹಾರಾಟಕ್ಕೂ ಅದು ಒಂದು ಬೇಟೆಯನ್ನು ಕಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಪೊಟರೆಯ ಮುಂದೆ ಗಂಟೆಗಟ್ಟಲೆ ನಿಂತರೆ ತಾಯಿ ಹಕ್ಕಿ ಒಳಗೆ ಹೋಗಲು ಹೆದರುತ್ತದೆ, ಕಾಗೆಗೆ ಗೂಡಿನ ಗುರುತೂ ಸಿಗುತ್ತದೆ. ಗೂಡಿನ ಚಿತ್ರಗಳನ್ನು ಒಪ್ಪದ ಛಾಯಾಚಿತ್ರ ಸ್ಪರ್ಧೆಗಳು ಇಂದು ನಮ್ಮ ದೇಶದಲ್ಲೇ ಇವೆ. ನಮ್ಮ ಜಿಲ್ಲೆಗಳಲ್ಲಿ ನಡೆಯುವ ಪ್ರದರ್ಶನಗಳೂ ಈ ಕಟ್ಟಳೆಯನ್ನು ಪಾಲಿಸಬೇಕು.

ಭಕ್ತಿಯೂ ಹಕ್ಕಿಗೆ ಮುಳುವಾಗಬಲ್ಲದು. ವಿಜಯದಶಮಿಯಂದು ನೀಲಕಂಠದ ದರ್ಶನ ಶುಭವೆಂಬ ನಂಬಿಕೆ ಉತ್ತರ ಭಾರತದಲ್ಲಿ, ತೆಲಂಗಾಣದಲ್ಲಿ ಬಲವಾಗಿದೆ. ಬಯಲಿಗೆ ಹೋಗಿ ಹಕ್ಕಿಯನ್ನು ಕಂಡು ಬರುವುದು ಅದರ ಮೂಲ ರೂಪ. ಹೊರಗೆ ಹೋಗಲು ಬೇಸರವಾದವರಿಗಾಗಿ ಹಕ್ಕಿಯನ್ನೇ ಹಿಡಿದು, ಪಂಜರದಲ್ಲಿಟ್ಟು, ಮನೆ ಬಾಗಿಲಿಗೆ ತಂದು ತೋರಿಸುವ ವ್ಯಾಪಾರ ಹುಟ್ಟಿಕೊಂಡಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇದು ಅಪರಾಧ. ಬಂಗಾಳದ ಹಳೆಯ ಮನೆತನಗಳು ದುರ್ಗಾಪೂಜೆಯ ಕೊನೆಯಲ್ಲಿ ನೀಲಕಂಠವನ್ನು ಹಾರಿಬಿಡುವ ಪದ್ಧತಿಯನ್ನು ಕಾನೂನಿಗೆ ತಲೆಬಾಗಿ ಕೈಬಿಟ್ಟಿವೆ. ಆಚರಣೆ ಬದಲಾದ ಮಾತ್ರಕ್ಕೆ ಹಬ್ಬ ಕುಂದಲಿಲ್ಲ.

ಇನ್ನು ಮಾಡಬೇಕಾದದ್ದೇನು? ಮೊದಲನೆಯದಾಗಿ ಪೊಟರೆಯ ಮರಗಳಿಗೆ ಒಂದು ಬೆಲೆ ಕಟ್ಟಬೇಕು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟುವ ಹುಣಸೆ ಮರಗಳ ಫಸಲು ನಷ್ಟಕ್ಕೆ ಅರಣ್ಯ ಇಲಾಖೆ ಮಾಲೀಕರಿಗೆ ಪರಿಹಾರ ನೀಡಿದ ಮಾದರಿ ನಮ್ಮ ಮುಂದಿದೆ. ಬದುವಿನಲ್ಲಿ ಹಳೆಯ ಮರ ಉಳಿಸಿಕೊಂಡ ಗೋಕಾಕ ಸೀಮೆಯ ರೈತನಿಗೂ ವರ್ಷಕ್ಕೊಂದು ಸಣ್ಣ ಗೌರವಧನ ಕೊಡುವುದು ಸರ್ಕಾರಕ್ಕೆ ಹೊರೆಯಾಗದು. ಎರಡನೆಯದಾಗಿ, ರಸ್ತೆ ಅಗಲಗೊಳಿಸುವ ಯಾವುದೇ ಅಂದಾಜುಪಟ್ಟಿಯಲ್ಲಿ ಕಡಿಯುವ ಮರಗಳ ಸಂಖ್ಯೆಯ ಜೊತೆಗೆ ಪೊಟರೆಯುಳ್ಳ ಮರಗಳೆಷ್ಟು ಎಂಬ ಕಾಲಮ್ಮೂ ಇರಬೇಕು. ಕಡಿಯಲೇಬೇಕಾದರೆ ಗೂಡಿನ ಕಾಲವಾದ ಫೆಬ್ರುವರಿಯಿಂದ ಜೂನ್‌ವರೆಗಿನ ತಿಂಗಳುಗಳನ್ನು ಬಿಟ್ಟು ಕಡಿಯಬೇಕು. ಕಡತದಲ್ಲಿ ಒಂದು ಅಂಕಣ ಸೇರಿಸುವುದು ಅಲ್ಪ ಕೆಲಸವೆಂದು ತೋರಬಹುದು. ಅಂಕಣ ಇಲ್ಲದ್ದನ್ನು ಯಾವ ಅಧಿಕಾರಿಯೂ ನೋಡುವುದಿಲ್ಲ.

ಮೂರನೆಯದು ಗೂಡುಪೆಟ್ಟಿಗೆ. ಅಮೆರಿಕದ ನೀಲಿ ಹಕ್ಕಿಗಳು ಹೊರಗಿನಿಂದ ತಂದುಬಿಟ್ಟ ಗುಬ್ಬಚ್ಚಿ ಮತ್ತು ಸ್ಟಾರ್ಲಿಂಗ್‌ಗಳ ಪೈಪೋಟಿಯಲ್ಲಿ ಪೊಟರೆಗಳನ್ನು ಕಳೆದುಕೊಂಡು ತೀವ್ರವಾಗಿ ಇಳಿಮುಖವಾಗಿದ್ದವು. ಲಾರೆನ್ಸ್ ಜೆಲೆನಿ ಎಂಬವರು 1978ರಲ್ಲಿ ಅದಕ್ಕಾಗಿಯೇ ಒಂದು ಸಂಘ ಕಟ್ಟಿದರು. ಸಾಮಾನ್ಯ ನಾಗರಿಕರು ಬೇಲಿಗಂಬಗಳಿಗೆ ಮರದ ಪೆಟ್ಟಿಗೆಗಳನ್ನು ಸಾಲಾಗಿ ತೂಗಿಹಾಕಿ ಆ ಹಕ್ಕಿಯನ್ನು ಮರಳಿ ತಂದರು. ನಮ್ಮ ನೀಲಕಂಠದ ಯುರೋಪಿನ ಸೋದರನಿಗೂ ಹಂಗರಿ, ಸ್ಪೇನ್‌ಗಳಲ್ಲಿ ಇದೇ ಉಪಾಯ ಫಲ ಕೊಟ್ಟಿದೆ. ಹುಕ್ಕೇರಿಯಲ್ಲಿ 1969ರಲ್ಲಿ ಸ್ಥಾಪನೆಯಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘವಿದೆ. ಗ್ರಾಹಕರೇ ಅದರ ಸದಸ್ಯರು. ಬಳಕೆಯಿಂದ ತೆಗೆದ ಹಳೆಯ ಕಂಬಗಳನ್ನು ಶಾಲೆಯ ಅಂಗಳದಲ್ಲೋ ಗಾಯರಾಣದಲ್ಲೋ ನಿಲ್ಲಿಸಿ, ಪೆಟ್ಟಿಗೆ ಕಟ್ಟಿ, ಮಕ್ಕಳಿಂದ ದಾಖಲೆ ಬರೆಸುವ ಪ್ರಯೋಗವನ್ನು ಅಂಥ ಸಂಸ್ಥೆ ಕೈಗೊಂಡರೆ ರಾಜ್ಯಕ್ಕೇ ಮಾದರಿಯಾದೀತು. ತಂತಿಯಲ್ಲಿ ನೀಲಕಂಠಕ್ಕೆ ಆಸನ ಕೊಟ್ಟವರು ಮನೆಯನ್ನೂ ಕೊಡಬಲ್ಲರು.

ನಾಲ್ಕನೆಯದಾಗಿ, 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ಸಮಿತಿಯನ್ನು ರಚಿಸಿ ಜನತಾ ದಾಖಲಾತಿಯನ್ನು ಇಡಬೇಕು. ಆ ಪುಸ್ತಕದಲ್ಲಿ ಊರಿನ ನೀಲಕಂಠಗಳ ಸಂಖ್ಯೆಯನ್ನು ವರ್ಷಕ್ಕೊಮ್ಮೆ ಬರೆಯುವುದು ಪಂಚಾಯಿತಿಗೆ ಕಷ್ಟವಲ್ಲ. ಅರಣ್ಯ ಇಲಾಖೆ ಆಯೋಜಿಸುವ ಹಕ್ಕಿ ಹಬ್ಬವೂ ಕಾಡು, ಕೆರೆಗಳಿಂದ ಒಮ್ಮೆ ಹೊಲಗಳತ್ತ ಬರಬೇಕು.

ಇದಕ್ಕೆ ಬರುವ ಆಕ್ಷೇಪವೂ ಗೊತ್ತಿದೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಮನೆಗಳಿಗೆ ನುಗ್ಗಿತ್ತು. ಕಬ್ಬಿನ ಬಾಕಿಗಾಗಿ ರೈತರು ಬೀದಿಗಿಳಿಯುವುದು ಈ ಜಿಲ್ಲೆಗೆ ಹೊಸದಲ್ಲ. ಇಂಥಲ್ಲಿ ಹಕ್ಕಿಯ ಮಾತೇಕೆ ಎಂದು ಕೇಳುವವರಿದ್ದಾರೆ. ಕೇಳುವುದು ನ್ಯಾಯವೇ. ಆದರೆ ಇಲ್ಲಿ ರೈತನ ಒಂದು ಗುಂಟೆ ನೆಲವನ್ನೂ ಬೇಡುತ್ತಿಲ್ಲ. ಬದುವಿನ ಒಂದು ಮರ, ಊರ ಗಾಯರಾಣದ ಒಂದು ಮೂಲೆ, ಕಡತದ ಒಂದು ಅಂಕಣ, ಇಷ್ಟೇ ಬೇಡಿಕೆ. ಹುಳು ತಿನ್ನುವ ಹಕ್ಕಿ ಉಳಿಯುವ ನೆಲ ರೈತನಿಗೂ ಒಳ್ಳೆಯ ನೆಲ.

ವಿಜಯದಶಮಿಯಂದು ನಮ್ಮ ಸೀಮೆಯಲ್ಲಿ ಬನ್ನಿ ಹಂಚಿಕೊಂಡು ಬಂಗಾರದಂತಿರೋಣ ಎಂದು ಹಾರೈಸುತ್ತೇವೆ. ಬನ್ನಿ ಮುಡಿಯಲು ಊರ ಹೊರಗೆ ಹೋಗುವುದಂತೂ ಇದ್ದೇ ಇದೆ. ಅದೇ ದಾರಿಯಲ್ಲಿ ಎಷ್ಟು ನೀಲಕಂಠ ಕಂಡವೆಂದು ಪ್ರತಿ ಊರಿನ ಮಕ್ಕಳು ಎಣಿಸಿ ಬರೆದಿಡುವ ಪದ್ಧತಿ ಆರಂಭವಾಗಲಿ. ಕ್ಯಾಮೆರಾ ಇದ್ದವರು ಚಿತ್ರ ತೆಗೆಯಲಿ, ಇಲ್ಲದವರು ಬೆರಳಿನಿಂದ ಎಣಿಸಲಿ. ಹತ್ತು ವರ್ಷಗಳ ನಂತರ ಆ ಪುಸ್ತಕ ತೆರೆದಾಗ ಸಂಖ್ಯೆ ಏರಿದೆಯೋ ಇಳಿದಿದೆಯೋ ಎಂಬುದಕ್ಕೆ ಬೆಂಗಳೂರಿನ ಯಾವ ಕಚೇರಿಯನ್ನೂ ಕೇಳಬೇಕಾಗುವುದಿಲ್ಲ. ರಾಜ್ಯಪಕ್ಷಿ ಎಂಬ ಬಿರುದು ಕೊಟ್ಟ ನಾಡು ಅದಕ್ಕೆ ಕನಿಷ್ಠ ಇಷ್ಟು ಲೆಕ್ಕವನ್ನಾದರೂ ಒಪ್ಪಿಸಬೇಕು.